ಗೊಂಬೆ ನೋಡಲು ಬಂದವಳು

ಒಂದು ದಸರೆಯ ಸಂಜೆ, ನಮ್ಮ ಮನೆಯ ನಡುಮನೆಯಲ್ಲಿ ಕುಳಿತಿದ್ದ ದೊಡ್ಡವರೊಬ್ಬರು ಬಾಗಿಲಲ್ಲಿ ನಿಂತವಳನ್ನು ನೋಡಿ ಯಾರಿವರು ಎಂದು ಕೇಳಿದರು. ನನ್ನ ಅಕ್ಕ ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಅಷ್ಟೇ. ನಾಲಿಗೆಗೆ ಭಾರವಾಗುವಂಥ ಮಾತೂ ಅಲ್ಲ. ಆದರೂ ಹೇಳಲಿಲ್ಲ.

ಅಕ್ಕ ತೀರಿಕೊಂಡ ಮೇಲೆ ಅವಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ನಾನು ಓದಿದ್ದು ಏಳನೆಯ ತರಗತಿ. ಅವಳು ಅಷ್ಟೂ ಓದಲಿಲ್ಲ. ಅಪ್ಪ ತೀರಿಕೊಂಡಾಗ ಸ್ಲೇಟು ಮೂಲೆಗಿಟ್ಟು ಅಮ್ಮನ ಜೊತೆ ಊದುಬತ್ತಿ ಹೊಸೆಯಲು ಕೂತವಳು ಕೊನೆಯವರೆಗೂ ಅದೇ ಮಣೆಯ ಮುಂದೆ ಕೂತಳು. ನಾನು ಓದಲೆಂದು ಅವಳು ಕೂತದ್ದು. ಅದನ್ನು ಅವಳು ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ, ನಾನು ಓದು ನಿಲ್ಲಿಸಿದಾಗಲೂ.

ನಮ್ಮದು ಸಾರಕ್ಕಿಯ ಒಂದು ವಠಾರ. ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಜೊಂಡಿನ ವಾಸನೆ, ಬೀಸದಿದ್ದರೆ ಊದುಬತ್ತಿಯ ವಾಸನೆ. ಒಂದು ಕೋಣೆ, ಅದರ ಹಿಂದೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಡುಗೆಮನೆ. ಊದುಬತ್ತಿಯ ಕಪ್ಪು ಹಿಟ್ಟು ಅಕ್ಕನ ಅಂಗೈ ಗೆರೆಗಳಲ್ಲಿ ಇಳಿದು ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ಯಾರ ಮನೆಗೆ ಹೋದರೂ ಆ ಮನೆಯವರು ಮೂಗೆಳೆದುಕೊಂಡು, ಯಾರು ಊದುಬತ್ತಿ ಹಚ್ಚಿದರು ಎಂದು ಸುತ್ತ ನೋಡುತ್ತಿದ್ದರು.

ಅವಳಿಗೆ ಒಂದೇ ಒಂದು ಹುಚ್ಚು. ಮನೆಗಳನ್ನು ನೋಡುವುದು.

ಭಾನುವಾರ ಹೊಸೆಯುವ ಕೆಲಸ ಮುಗಿಸಿ, ಮುಖ ತೊಳೆದು, ನನ್ನ ಕೈ ಹಿಡಿದು ಹೊರಟುಬಿಡುತ್ತಿದ್ದಳು. ಆಗ ಜಯನಗರದಲ್ಲಿ ಬೀದಿಗೊಂದು ಹೊಸ ಮನೆ ಏಳುತ್ತಿತ್ತು. ಜೆ.ಪಿ. ನಗರವೆಂದರೆ ರಾಗಿ ಹೊಲದ ನಡುವೆ ನೆಟ್ಟ ಸೈಟಿನ ಕಲ್ಲುಗಳು. ಬನಶಂಕರಿಯ ಕಡೆ ದೇವಸ್ಥಾನಕ್ಕೆ ಎಂದು ಅಮ್ಮನಿಗೆ ಹೇಳಿ, ದೇವರಿಗೆ ಬಾಗಿಲಿಂದಲೇ ಕೈಮುಗಿದು, ಸೆಕೆಂಡ್ ಸ್ಟೇಜಿನ ಬೀದಿಗಳಿಗೆ ನುಗ್ಗುತ್ತಿದ್ದಳು. ಬಸವನಗುಡಿಯ ಹಳೆಯ ಮನೆಗಳ ಮುಂದೆ ಮಾತ್ರ ಸ್ವಲ್ಪ ಅಂಜಿಕೆ, ಎದುರು ಬದಿಯ ಮರದ ಕೆಳಗೆ ನಿಂತು ನೋಡುತ್ತಿದ್ದಳು. ತಲೆ ಒಂದು ಕಡೆ ವಾಲಿಸಿ, ಒಂದು ಕಣ್ಣು ಮುಚ್ಚಿ. ಕಾಂಪೌಂಡ್ ಗೋಡೆಗೆ ಸಿಮೆಂಟನ್ನು ಹೇಗೆ ಎರಚಿದ್ದಾರೆ, ಕಿಟಕಿಯ ಸರಳನ್ನು ನವಿಲಿನ ಹಾಗೆ ಹೇಗೆ ಬಗ್ಗಿಸಿದ್ದಾರೆ, ಕೆಂಪು ಗಾರೆ ನೆಲದ ಸುತ್ತ ಕಪ್ಪು ಪಟ್ಟಿ ಎಷ್ಟಗಲ ಬಿಟ್ಟಿದ್ದಾರೆ, ಎಲ್ಲವೂ ಬೇಕು. ಕಟ್ಟುತ್ತಿರುವ ಮನೆಯಾದರೆ ಚಪ್ಪಲಿ ಬಿಟ್ಟು ಒಳಗೇ ಹೋಗಿ ಬರಿಗಾಲಲ್ಲಿ ನಡೆದು ನೋಡುವಳು. ನೆಲ ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ ಎನ್ನುತ್ತಿದ್ದಳು.

ನೋಡಿದ್ದನ್ನು ಮನೆಗೆ ತರುತ್ತಿದ್ದಳು, ತನ್ನ ಕೈಲಾದಷ್ಟು. ಮೇಸ್ತ್ರಿಯೊಬ್ಬನನ್ನು ಕಾಡಿ ಬೇಡಿ ತಂದ ಕೆಂಪು ಪುಡಿಯನ್ನು ಕಲಸಿ ನಮ್ಮ ಕೋಣೆಯ ಗೋಡೆಗೆ ಮೊಣಕಾಲೆತ್ತರದ ಪಟ್ಟಿ ಬಳಿದಳು, ಅದರ ಮೇಲೆ ಕಪ್ಪು ಅಂಚು. ಆ ಕಪ್ಪು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಹೊಸ್ತಿಲ ಮುಂದಿನ ಸಿಮೆಂಟು ಕಿತ್ತುಹೋದಾಗ ವಠಾರದ ಹೆಂಗಸರಿಂದೆಲ್ಲ ಒಡೆದ ಬಳೆ ಕೂಡಿಸಿ, ಹಸಿ ಸಿಮೆಂಟಿಗೆ ಒತ್ತಿ, ಅಳಿಸದ ರಂಗೋಲಿಯೊಂದನ್ನು ಕೂರಿಸಿದಳು. ಬಾಡಿಗೆ ವಸೂಲಿಗೆ ಬಂದ ವಠಾರದ ಯಜಮಾನರು ಅದನ್ನು ನೋಡಿ, ಬಾಡಿಗೆ ಮನೆಗೆ ಯಾರಾದರೂ ಇಷ್ಟು ಮಾಡುತ್ತಾರೇನಮ್ಮ, ನಾಳೆ ಬಿಟ್ಟು ಹೋಗು ಅಂದರೆ ಕಿತ್ತುಕೊಂಡು ಹೋಗುತ್ತೀಯಾ ಎಂದು ನಕ್ಕರು.

"ಮನೆ ನಿಮ್ದೇ ಸಾರ್," ಅಂದಳು ಅಕ್ಕ. "ಕಣ್ಣು ನಮ್ದಲ್ವಾ."

ಆದರೆ ಆ ಕೋಣೆಯಲ್ಲಿ ಒಂದು ಗೋಡೆಯನ್ನು ಮಾತ್ರ ಪೂರ್ತಿ ಖಾಲಿ ಬಿಟ್ಟಿದ್ದಳು. ಕ್ಯಾಲೆಂಡರಿಲ್ಲ, ಮೊಳೆಯಿಲ್ಲ. ಅಪ್ಪನ ಫೋಟೋವನ್ನು ಅಲ್ಲಿ ಹಾಕೋಣವೆಂದು ಅಮ್ಮ ಎಷ್ಟು ಹೇಳಿದರೂ ಬಿಡಲಿಲ್ಲ. ಇಷ್ಟು ಚಿಕ್ಕ ಮನೆಯಲ್ಲಿ ಜಾಗ ಹಾಳು ಮಾಡುತ್ತೀಯಲ್ಲ ಎಂದು ನಾನೂ ಬೈದಿದ್ದೆ. ಅದಕ್ಕೆ ಅವಳು ಹೇಳಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

"ಕಾಲಿಗೆ ಕೂರೋಕೆ ಜಾಗ ಇಲ್ದಿದ್ರೂ ಪರವಾಗಿಲ್ಲ ಕಣೇ. ಕಣ್ಣಿಗೆ ಕೂರೋಕೆ ಜಾಗ ಬೇಕು."

ಬೀದಿಯಿಂದ ಕಾಣುವುದು ಮನೆಯ ಮುಖ ಮಾತ್ರ. ಒಳಗನ್ನು ನೋಡಲು ಅವಳಿಗೆ ವರ್ಷಕ್ಕೊಮ್ಮೆ ದಾರಿ ತೆರೆಯುತ್ತಿತ್ತು. ದಸರೆಯಲ್ಲಿ.

ಆಗೆಲ್ಲ ನವರಾತ್ರಿ ಬಂತೆಂದರೆ ಸಂಜೆ ಹೆಣ್ಣುಮಕ್ಕಳು ಗುಂಪುಗುಂಪಾಗಿ ಗುರುತಿಲ್ಲದವರ ಗೇಟನ್ನೂ ತೆಗೆದು, "ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತಿದ್ದರು. ಕೂರಿಸಿದ್ದರೆ ಯಾರನ್ನೂ ಯಾರೂ ಹೊರಗೆ ನಿಲ್ಲಿಸುತ್ತಿರಲಿಲ್ಲ. ಒಳಗೆ ಕರೆದು, ಮೆಟ್ಟಿಲಲ್ಲಿ ಜೋಡಿಸಿದ ಗೊಂಬೆ ತೋರಿಸಿ, ಒಂದು ಹಾಡು ಹೇಳಿಸಿ, ಚರ್ಪು ಎಂದು ಹುರಿಗಾಳನ್ನೋ ಕೊಬ್ಬರಿ ಮಿಠಾಯಿಯನ್ನೋ ಕೈಗೆ ಹಾಕಿ ಕಳಿಸುತ್ತಿದ್ದರು. ಅಕ್ಕನಿಗೆ ಆ ವಯಸ್ಸು ಎಂದೋ ದಾಟಿತ್ತು. ಹಾಗಾಗಿ ನಾನು ಬೇಕು. ನಾನು ಅವಳ ಟಿಕೆಟ್ಟು.

ಇಷ್ಟು ದೊಡ್ಡವಳಾಗಿ ಗೊಂಬೆ ನೋಡೋಕೆ ಬಂದಿದ್ದೀಯಲ್ಲ ಎಂದು ಯಾರಾದರೂ ಅಂದರೆ ನನ್ನನ್ನು ಮುಂದೆ ತಳ್ಳುವಳು. "ಇವಳಿಗೇ ಆಂಟಿ. ನೋಡ್ಲೇಬೇಕು ಅಂತ ಅಳ್ತಿದ್ಲು." ನಾನು ಅತ್ತದ್ದೇ ಇಲ್ಲ. ಆದರೂ ಅಳುಮುಖ ಮಾಡಿಕೊಂಡು ನಿಲ್ಲುತ್ತಿದ್ದೆ.

ಒಳಗೆ ಹೋದ ಮೇಲೆ ನಾನು ಗೊಂಬೆಯ ಮುಂದೆ ಕೂತು ಹಾಡಬೇಕು. ಎಲ್ಲರೂ ನನ್ನನ್ನು ನೋಡುವಾಗ ಅವಳು ಮನೆಯನ್ನು ನೋಡುವಳು. ಪರದೆಯ ಬಟ್ಟೆ, ಶೋಕೇಸು, ಗೋಡೆಯ ಬಣ್ಣ ಸೂರಿಗೆ ಸೇರುವ ಕಡೆ ಎಳೆದ ಗೆರೆ. ನೋಡಿ ಮುಗಿಯದಿದ್ದರೆ ನನ್ನ ಬೆನ್ನಿಗೆ ಮೆಲ್ಲಗೆ ತಿವಿಯುತ್ತಿದ್ದಳು. ಇನ್ನೊಂದು ಚರಣ ಹೇಳು ಎಂದು ಅರ್ಥ. ನನಗೆ ಬರುತ್ತಿದ್ದದ್ದು ಒಂದೇ ದೇವರನಾಮ, ಅದೂ ಅಮ್ಮ ಹೇಳಿಕೊಟ್ಟ ಅರ್ಧ. ಚರಣಗಳು ಮುಗಿದ ಮೇಲೆ ಮೊದಲಿಂದ ಶುರುಮಾಡುತ್ತಿದ್ದೆ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು, ಈ ಹಾಡು ಇಷ್ಟುದ್ದ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ ತಾಯಿ ಎಂದು ಕಣ್ಣೊರೆಸಿಕೊಂಡರು. ಇನ್ನೊಂದು ಮನೆಯಲ್ಲಿ ಅಕ್ಕ ಅಡುಗೆಮನೆ ನೋಡಲೆಂದು ನೀರು ಕೇಳಿದಳು. ಅವರು ನೀರನ್ನು ನಡುಮನೆಗೇ ತಂದುಕೊಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ ತಂದರು. ಹೊಟ್ಟೆ ತುಂಬ ನೀರು ಕುಡಿದು, ಅಡುಗೆಮನೆ ಕಾಣದೆ, ದಾರಿಯುದ್ದಕ್ಕೂ ನಗುತ್ತ ಬಂದೆವು.

ಗೊಂಬೆಗಳು ಹೇಗಿದ್ದವು ಎಂದು ಅಮ್ಮ ಕೇಳಿದರೆ ಅಕ್ಕನಿಗೆ ಉತ್ತರ ಬರುತ್ತಿರಲಿಲ್ಲ. ಅದನ್ನು ನಾನೇ ಹೇಳಬೇಕಿತ್ತು.

ನನ್ನ ಮದುವೆಯೂ ಆ ಹಾಡಿನಿಂದಲೇ ಆದದ್ದು. ಜಯನಗರ ಒಂಬತ್ತನೆಯ ಬ್ಲಾಕಿನ ಒಂದು ಮನೆಯಲ್ಲಿ ನನ್ನ ಹಾಡು ಕೇಳಿದ ಹೆಂಗಸು, ನಾವು ಯಾರು ಎತ್ತ ಎಂದು ವಿಚಾರಿಸಿ, ನಮ್ಮವರೇ ಎಂದು ತಿಳಿದು ನೆನಪಿಟ್ಟುಕೊಂಡಿದ್ದರು. ಕೆಲವು ವರ್ಷ ಕಳೆದ ಮೇಲೆ ಅವರೇ ನಮ್ಮ ಕೋಣೆಗೆ ಬಂದು ಚಾಪೆಯ ಮೇಲೆ ಕೂತು, ಗುಮಾಸ್ತನಾಗಿದ್ದ ತಮ್ಮ ಮಗನಿಗೆ ನನ್ನನ್ನು ಕೇಳಿದರು. ದೊಡ್ಡವಳಿರುವಾಗ ಎಂದು ಅಮ್ಮ ಎಳೆದಳು. ಅಕ್ಕ ಒಳಗಿನಿಂದ, ದೊಡ್ಡವಳಿಗೆ ಸದ್ಯಕ್ಕೆ ಪುರುಸೊತ್ತಿಲ್ಲ ಅಂತ ಹೇಳಮ್ಮ ಎಂದಳು. ಆ ಪುರುಸೊತ್ತು ಅವಳಿಗೆ ಆಮೇಲೆ ಸಿಗಲೇ ಇಲ್ಲ. ಅಮ್ಮ ಹಾಸಿಗೆ ಹಿಡಿದಳು, ನೋಡಿಕೊಂಡವಳು ಅಕ್ಕ. ಅಮ್ಮ ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಉಳಿದಳು. ಪಕ್ಕದ ಮನೆಯ ಮಣಿಯಮ್ಮ, ಅವರೂ ಊದುಬತ್ತಿ ಹೊಸೆಯುವವರು, ಅವಳಿಗೆ ಜೊತೆ.

ಅತ್ತೆಯ ಮನೆಯಲ್ಲಿ ನಾನು ಮೆಲ್ಲಗೆ ಬೇರೆಯವಳಾದೆ. ಹಾಗಾಗಬೇಕೆಂದು ಯಾರೂ ಹೇಳಿಕೊಡಲಿಲ್ಲ. ಅತ್ತೆ ಒಳ್ಳೆಯವರು, ಅಕ್ಕನನ್ನು ಕಂಡರೆ ಅವರಿಗೆ ಪ್ರೀತಿ. ನನ್ನ ಗಂಡ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬೀದಿಯ ಹೆಂಗಸರು ಕೂತು ಮಾತಾಡುವಾಗ ತವರುಮನೆ ಎಲ್ಲಿ ಎಂದು ಕೇಳಿದರೆ ನಾನು ಜೆ.ಪಿ. ನಗರದ ಹತ್ತಿರ ಎನ್ನುತ್ತಿದ್ದೆ. ಹತ್ತಿರವೇ ತಾನೆ. ಅಕ್ಕ ಏನು ಮಾಡುತ್ತಾರೆ ಎಂದರೆ ಮನೆಯಲ್ಲೇ ಇದ್ದಾಳೆ ಎನ್ನುತ್ತಿದ್ದೆ. ಅದೂ ನಿಜವೇ.

ಒಂದು ವರ್ಷ ನನ್ನವರಿಗೆ ಆಫೀಸಿನಲ್ಲಿ ಬಡ್ತಿ ಆಗುವುದರಲ್ಲಿತ್ತು. ಆ ದಸರೆಗೆ ಮ್ಯಾನೇಜರರೂ ಅವರ ಹೆಂಡತಿಯೂ ಗೊಂಬೆ ನೋಡಲು ಬರುತ್ತಾರೆಂದು ಗೊತ್ತಾಯಿತು. ಅತ್ತೆ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು. ನನಗೆ ಕೈಕಾಲು ಆಡಲಿಲ್ಲ. ಅಕ್ಕನಿಗೆ ಹೇಳಿಕಳಿಸಿದೆ.

ಬಂದಳು. ಸುಣ್ಣಬಣ್ಣದಿಂದ ಶುರುಮಾಡಿದಳು. ಅವಳು ಆ ಮನೆಯಲ್ಲಿ ಕೆಲಸ ಮಾಡಿದ ದಿನಗಳಷ್ಟು ಸಂತೋಷವಾಗಿದ್ದದ್ದನ್ನು ನಾನು ಬೇರೆ ಯಾವಾಗಲೂ ನೋಡಲಿಲ್ಲ. ಇಷ್ಟು ವರ್ಷ ಕಣ್ಣಲ್ಲಿ ಕೂಡಿಟ್ಟದ್ದನ್ನೆಲ್ಲ ಇಡಲು ಅವಳಿಗೆ ಕೊನೆಗೆ ಒಂದು ನಡುಮನೆ ಸಿಕ್ಕಿತ್ತು. ಗೋಡೆಗೆ ಹೊಂಗೆ ಚಿಗುರಿನ ಬಣ್ಣ. ಅದು ಬಸವನಗುಡಿಯ ಒಂದು ಮನೆಯ ಜಗುಲಿಯದ್ದು. ನನ್ನ ಎರಡು ಹಳೆಯ ಸೀರೆಗಳನ್ನು ಕೂಡಿಸಿ ನೆರಿಗೆ ಹಿಡಿದು ಹೊಲಿದ ಪರದೆ ಮೂರನೆಯ ಬ್ಲಾಕಿನದ್ದು. ಗೊಂಬೆಯ ಮೆಟ್ಟಿಲನ್ನು ಎಲ್ಲರಂತೆ ಎದುರು ಗೋಡೆಗೆ ಆನಿಸದೆ ಮೂಲೆಗೆ ಓರೆಯಾಗಿ ನಿಲ್ಲಿಸಿದಳು. ಸಂಜೆ ಬಿಸಿಲು ಪರದೆಯ ಮೂಲಕ ಸೋಸಿ ಗೊಂಬೆಗಳ ಮುಖಕ್ಕೆ ಬೀಳಲಿ ಎಂದು. ಅದು ಯಾರ ಮನೆಯದ್ದೂ ಅಲ್ಲ, ಅವಳದ್ದೇ. ಕೆಳಗೆ ತಟ್ಟೆಗಳಲ್ಲಿ ರಾಗಿ ಮೊಳಕೆಯ ಹುಲ್ಲು, ನಡುವೆ ಕನ್ನಡಿಯ ಕೆರೆ, ದಡಕ್ಕೆ ಸಾರಕ್ಕಿ ಕೆರೆಯಿಂದಲೇ ಕಿತ್ತು ತಂದ ಜೊಂಡು. ಎದುರಿನ ದೊಡ್ಡ ಗೋಡೆಯಲ್ಲಿದ್ದ ಕ್ಯಾಲೆಂಡರು, ಗಡಿಯಾರ, ಫೋಟೋಗಳನ್ನೆಲ್ಲ ಇಳಿಸಿ ಮೊಳೆ ಕಿತ್ತು ತೂತು ಮುಚ್ಚಿಬಿಟ್ಟಳು. ಇಷ್ಟು ದೊಡ್ಡ ಗೋಡೆ ಬೋಳಾಗಿ ಕಾಣುತ್ತದೆ ಎಂದು ನಾನು ಗೊಣಗಿದೆ. ಎರಡು ದಿನ ಬಿಡು, ಆಮೇಲೆ ನೀನೇ ಮೊಳೆ ಹೊಡೆಯೋಕೆ ಬಿಡಲ್ಲ ಎಂದಳು.

ಹೊರಡುವಾಗ, ಅವರು ಬರೋ ದಿನ ನಾನೂ ಬರ್ಲಾ ಎಂದು ಕೇಳಿದಳು. ಹಬ್ಬದ ದಿನ ಕೇಳಿಕೊಂಡು ಬರಬೇಕಾ ಎಂದೆ. ಬಾ ಎಂದು ಮಾತ್ರ ಹೇಳಲಿಲ್ಲ. ಅವಳಿಗೆ ಅದು ಬಾ ಎಂದೇ ಕೇಳಿಸಿತು.

ಮ್ಯಾನೇಜರರ ಹೆಂಡತಿ ಬಂದು ಕೂತಿದ್ದರು. ಗಂಡಸರಿಬ್ಬರೂ ಹೊರಗೆ ಕಾರಿನ ಹತ್ತಿರ ಗೇಟಿಗೆ ಬೆನ್ನುಮಾಡಿ ಮಾತಾಡುತ್ತ ನಿಂತಿದ್ದರು. ಆಕೆ ನಡುಮನೆಯನ್ನು ನಿಧಾನವಾಗಿ ನೋಡುತ್ತಿದ್ದ ರೀತಿಯಲ್ಲೇ ನನಗೆ ಗೊತ್ತಾಗಿತ್ತು, ಮೆಚ್ಚುಗೆಯಾಗಿದೆ ಎಂದು. ಆಗ ಬಾಗಿಲಲ್ಲಿ ಹಳೆಯ ದಸರೆಗಳ ಆ ಕೂಗು ಕೇಳಿಸಿತು.

"ಗೊಂಬೆ ಕೂರ್ಸಿದೀರಾ?"

ಅಕ್ಕ. ನೀಲಿ ಸೀರೆ, ಅವಳಲ್ಲಿದ್ದ ಒಳ್ಳೆಯದು ಅದೇ. ತಲೆ ಒಂದು ಕಡೆ ವಾಲಿಸಿ, ನಗು ತಡೆದುಕೊಂಡು ನಿಂತಿದ್ದಾಳೆ. ಅದು ನಮ್ಮಿಬ್ಬರ ತಮಾಷೆ. ನಾನು ನಕ್ಕು ಬಾರೇ ಎನ್ನಬೇಕಿತ್ತು. ನನ್ನ ಕಣ್ಣು ಮಾತ್ರ ಅವಳ ಕೈಯ ಮೇಲೆ ಬಿತ್ತು. ಆ ಕಪ್ಪು ಗೆರೆಗಳು.

ಕೂರಿಸಿದ್ದೀವಿ, ಬನ್ನಿ ಎಂದೆ.

ಅವಳ ನಗು ಅಲ್ಲೇ ನಿಂತಿತು. ಮ್ಯಾನೇಜರರ ಹೆಂಡತಿ ಮೆಲುದನಿಯಲ್ಲಿ ಯಾರಿವರು ಎಂದರು.

"ಸಾರಕ್ಕಿ ಕಡೆಯವ್ರು ಮೇಡಂ. ದಸರಾದಲ್ಲಿ ಹೀಗೆ ಗೊಂಬೆ ನೋಡೋಕೆ ಬರ್ತಿರ್ತಾರೆ."

ಒಂದೊಂದು ಮಾತನ್ನೂ ಬಿಡಿಸಿ ನೋಡಿದರೆ ಸುಳ್ಳಿಲ್ಲ.

ಅಕ್ಕ ಒಳಗೆ ಬಂದಳು. ಹಿಂದಕ್ಕೆ ತಿರುಗಿ ಹೋಗಬಹುದಿತ್ತು, ಹೋಗಲಿಲ್ಲ. ಬಾಗಿಲ ಹತ್ತಿರ ಚಾಪೆಯ ತುದಿಯಲ್ಲಿ ಕೂತು, ತನ್ನ ಕೈಯಿಂದಲೇ ಜೋಡಿಸಿದ ಗೊಂಬೆಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಮ್ಯಾನೇಜರರ ಹೆಂಡತಿ, ನಿಮ್ಮ ಮನೆಯ ಊದುಬತ್ತಿ ವಾಸನೆ ತುಂಬ ಚೆನ್ನಾಗಿದೆ ಎಂದರು. ನಾನು ಊದುಬತ್ತಿ ಹಚ್ಚಿರಲೇ ಇಲ್ಲ. ಆಮೇಲೆ ಆಕೆ ಎದುರಿನ ಗೋಡೆಯನ್ನು ತೋರಿಸಿ, ಎಲ್ಲರೂ ಏನೇನೋ ನೇತುಹಾಕಿರುತ್ತಾರೆ, ಇದನ್ನು ಹೀಗೆ ಬಿಟ್ಟಿರುವುದಕ್ಕೇ ಮನೆಗೆ ಒಂದು ಕಳೆ ಬಂದಿದೆ, ಯಾರ ಐಡಿಯಾ ಎಂದು ಕೇಳಿದರು.

ಅಲ್ಲಿ ಇನ್ನೊಂದು ಅವಕಾಶವಿತ್ತು ನನಗೆ.

"ನನ್ದೇ ಮೇಡಂ," ಎಂದೆ. "ಕಣ್ಣಿಗೂ ಕೂರೋಕೆ ಜಾಗ ಬೇಕಲ್ವಾ."

ಆಕೆ ಮೆಚ್ಚಿ ತಲೆದೂಗಿದರು. ನಾನು ಅಕ್ಕನ ಕಡೆ ನೋಡಲಿಲ್ಲ. ಸುಮ್ಮನೆ ಕೂತಿದ್ದ ಅವಳನ್ನು ಕಂಡು ಮ್ಯಾನೇಜರರ ಹೆಂಡತಿಯೇ ಮರ್ಯಾದೆಯಿಂದ, ನೀವೊಂದು ಹಾಡು ಹೇಳಿ ಎಂದರು.

"ನಂಗೆ ಹಾಡೋಕೆ ಬರಲ್ಲಮ್ಮ," ಅಂದಳು ಅಕ್ಕ. "ನೋಡೋಕಷ್ಟೇ ಬರೋದು."

ಕುಂಕುಮ ಕೊಟ್ಟೆ. ಕಾಗದದಲ್ಲಿ ಚರ್ಪು ಕಟ್ಟಿ ಕೊಟ್ಟೆ, ಬೀದಿಯ ಮಕ್ಕಳಿಗೆ ಕೊಡುವಂತೆ. ಸೆರಗಿನಲ್ಲಿ ಹಿಡಿದುಕೊಂಡಳು. ಎದ್ದು ಹೋಗುವಾಗ ಪರದೆಯ ಒಂದು ನೆರಿಗೆ ಸೊಟ್ಟಗಾಗಿತ್ತು. ಅದನ್ನು ಬೆರಳಿನಿಂದ ಸರಿಮಾಡಿ ಹೊಸ್ತಿಲು ದಾಟಿದಳು. ಹೊರಗೆ ಗಂಡಸರು ಅಷ್ಟರಲ್ಲಿ ಬೀದಿಯ ತುದಿಯವರೆಗೆ ನಡೆದಿದ್ದರು. ನನ್ನವರು ಅವಳನ್ನು ನೋಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಅಕ್ಕ ಬರಲಿಲ್ಲವಾ ಎಂದು ಕೇಳಿದರು. ಬಂದು ಹೋದಳು ಎಂದೆ.

ಮಾರನೆಯ ದಿನವೇ ಸಾರಕ್ಕಿಗೆ ಹೋಗಬೇಕಿತ್ತು. ನಡೆದರೆ ಎಷ್ಟು ದೂರ. ಹಬ್ಬ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅವಳೇ ಬಂದಳು, ಏನೂ ಆಗದವಳಂತೆ. ಅಕ್ಕಾ, ಅವತ್ತು ಎಂದು ನಾನು ಬಾಯಿ ತೆಗೆದರೆ, ಬನಶಂಕರಿಯಲ್ಲಿ ಯಾರೋ ದುಂಡನೆಯ ಕಿಟಕಿ ಇಡಿಸಿದ್ದಾರೆ ಕಣೇ ಎಂದು ಬೇರೆ ಮಾತು ತೆಗೆದಳು. ನನಗೆ ಅದು ಅನುಕೂಲವೇ ಆಯಿತು. ಬಿಟ್ಟುಬಿಟ್ಟೆ.

ಆದರೆ ಅಂದಿನಿಂದ ಅವಳು ಬರುವ ರೀತಿ ಬದಲಾಯಿತು. ಗೇಟಿನ ಹತ್ತಿರ ನಿಂತು, ಬಾಗಿಲ ಮುಂದೆ ಬೇರೆಯವರ ಚಪ್ಪಲಿ ಇದೆಯಾ ಎಂದು ಮೊದಲು ನೋಡುವಳು. ಇದ್ದರೆ ಒಳಗೆ ಬರುತ್ತಿರಲಿಲ್ಲ. ನೆಂಟರನ್ನು ಕಳಿಸಲು ಹೊರಗೆ ಬಂದಾಗ ಗೇಟಿನ ಸರಳಿಗೆ ಸಿಕ್ಕಿಸಿದ ಕನಕಾಂಬರದ ಪೊಟ್ಟಣ ಕಾಣುತ್ತಿತ್ತು. ಎಲೆಗೆ ಊದುಬತ್ತಿಯ ವಾಸನೆ. ಬಂದು ಹೋಗಿದ್ದಾಳೆ ಎಂದು ತಿಳಿಯುತ್ತಿತ್ತು. ಆ ಹೂವನ್ನು ನಾನು ಮುಡಿದೂ ಮುಡಿದೆ.

ಹೀಗೇ ವರ್ಷಗಳು ಹೋದವು. ಒಂದು ಆಷಾಢದಲ್ಲಿ ಅವಳಿಗೆ ಕಾಮಾಲೆಯಾಯಿತು. ನಾಟಿ ಔಷಧ ಸಾಕು ಎಂದು ಯಾರಿಗೂ ಹೇಳದೆ ಇದ್ದಳಂತೆ. ಮಣಿಯಮ್ಮ ಹೇಳಿಕಳಿಸಿದಾಗ ನಾವು ಆಸ್ಪತ್ರೆಗೆ ಸೇರಿಸಿದೆವು. ಆಗ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ನಾನು ಹೇಳಬೇಕಾದದ್ದನ್ನು ಕೇಳುವ ಕಿವಿ ಹಾಸಿಗೆಯ ಮೇಲೆ ಇತ್ತು, ಕೇಳಿಸಿಕೊಳ್ಳುವವಳು ಇರಲಿಲ್ಲ. ಮಂಚದ ಪಕ್ಕದಲ್ಲಿ ಬೇರೆ ರೋಗಿಗಳ ಕಡೆಯವರು ಕೂತಿದ್ದರು. ಅವರ ಮುಂದೆ ನಾನು ಮತ್ತೆ ಸುಮ್ಮನಿದ್ದೆ.

ಅಕ್ಕ ಅಲ್ಲಿಂದ ಮನೆಗೆ ಮರಳಲಿಲ್ಲ. ಆ ವರ್ಷದ ದಸರೆಗೆ ಮಣಿಯಮ್ಮ ಬಂದು ಕರೆದರು. ಅಕ್ಕನ ಕೋಣೆಯನ್ನು ಯಜಮಾನರು ಅವರಿಗೇ ಬಿಟ್ಟುಕೊಟ್ಟಿದ್ದರು. ಅಲ್ಲಿ ಗೊಂಬೆ ಕೂರಿಸಿದ್ದೇವೆ, ಬರಲೇಬೇಕು ಎಂದರು.

ಹೋದೆ. ಹೊಸ್ತಿಲ ಮುಂದೆ ಬಳೆ ಚೂರಿನ ರಂಗೋಲಿ ಹಾಗೇ ಇತ್ತು. ಚಪ್ಪಲಿ ಬಿಟ್ಟು ಅದನ್ನು ತುಳಿಯದೆ ದಾಟಿದೆ. ಗೊಂಬೆಗಳು ಮೂಲೆಯಲ್ಲಿ ಓರೆಯಾಗಿ ಕೂತಿದ್ದವು. ಕನ್ನಡಿಯ ಕೆರೆ, ದಡದಲ್ಲಿ ಜೊಂಡು. ಎದುರು ಗೋಡೆ ಖಾಲಿ. ವಠಾರದ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಹೊಸದಾಗಿ ಬಾಡಿಗೆಗೆ ಬಂದವಳೊಬ್ಬಳು ಮಣಿಯಮ್ಮನನ್ನು ಯಾರಿವರು ಎಂದು ಕೇಳಿದಳು. ಅದೇ ಪ್ರಶ್ನೆ.

"ಗೊತ್ತಿಲ್ವಾ? ನಮ್ ಅಕ್ಕಾವ್ರ ತಂಗಿ, ಜಯನಗರದವ್ರು," ಎಂದರು ಮಣಿಯಮ್ಮ ಹೆಮ್ಮೆಯಿಂದ. "ಒಂದ್ ದಸರಾದಲ್ಲಿ ಮ್ಯಾನೇಜರ್ ಹೆಂಡ್ತಿ ಮುಂದೆ ಅಕ್ಕಾವ್ರ ಕೈ ಹಿಡ್ಕೊಂಡು, ಇವ್ಳು ನನ್ನಕ್ಕ, ಈ ಮನೆ ಅಲಂಕಾರ ಎಲ್ಲಾ ಇವಳ್ದೇ ಅಂದ್ರಂತೆ ಇವ್ರು. ಆ ಮೇಡಂ ಎದ್ದು ನಿಂತು ಕೈ ಮುಗಿದ್ರಂತೆ. ಅಕ್ಕಾವ್ರು ಅದನ್ನ ಎಷ್ಟ್ ಸಲ ಹೇಳಿದಾರೆ ಅಂತೀರಾ. ಹೊಸೀತಾ ಹೊಸೀತಾ ಹೇಳೋರು."

ನನಗೆ ನಿಂತ ನೆಲ ಕಾಲಿಗೆ ತಿಳಿಯಲಿಲ್ಲ.

ಅಂದು ಚರ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಂಬತ್ತನೆಯ ಬ್ಲಾಕಿನಿಂದ ಸಾರಕ್ಕಿಯವರೆಗೆ ನಡೆಯುತ್ತ ಅವಳು ಕಟ್ಟಿದ ಮನೆ ಇದು. ನನಗಾಗಿ ಕಟ್ಟಿದ್ದು. ನಾನು ಆಗಬೇಕಾಗಿದ್ದ ತಂಗಿಯನ್ನು ಅದರಲ್ಲಿ ಕೂರಿಸಿ ವಠಾರಕ್ಕೆಲ್ಲ ತೋರಿಸಿದ್ದಳು.

ಕೂತ ಹೆಂಗಸರು ನನ್ನನ್ನು ಒಂದು ಥರ ಗೌರವದಿಂದ ನೋಡುತ್ತಿದ್ದರು. ಮಣಿಯಮ್ಮ ನನ್ನನ್ನು ಗೊಂಬೆಯ ಮುಂದೆ ಕೂರಿಸಿ, ನಿಮ್ಮ ಹಾಡಿನ ವಿಷಯವನ್ನೂ ಅಕ್ಕ ಹೇಳುತ್ತಿದ್ದರು, ಅದನ್ನೇ ಹಾಡಿ ಎಂದರು. ಗಂಟಲು ಸರಿಮಾಡಿಕೊಂಡೆ. ಹಾಡಿಬಿಟ್ಟರೆ ಆಗುತ್ತಿತ್ತು. ಅವಳ ಸುಳ್ಳು ನಿಜವಾಗಿ ಉಳಿಯುತ್ತಿತ್ತು, ನನ್ನ ಮಾನವೂ. ಬೆನ್ನಿಗೆ ಯಾರೂ ತಿವಿಯಲಿಲ್ಲ.

"ಮಣಿಯಮ್ಮ, ಅವಳು ಹೇಳಿದ್ದು ನಡೀಲಿಲ್ಲ," ಎಂದೆ. "ನಾನು ಅವಳ ಕೈ ಹಿಡೀಲಿಲ್ಲ. ಯಾರು ಅಂತ ಕೇಳಿದ್ರೆ ಸಾರಕ್ಕಿ ಕಡೆಯವ್ರು ಅಂದೆ. ಅವಳು ಮಾಡಿದ್ದನ್ನೆಲ್ಲ ನಾನು ಮಾಡಿದ್ದು ಅಂದೆ. ಅವಳು ಅಲ್ಲೇ ಕೂತಿದ್ಲು."

ಮಣಿಯಮ್ಮನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೈಯಲ್ಲೇ ಉಳಿಯಿತು. ಯಾರ ಮುಖವನ್ನೂ ನೋಡಲಾರದೆ ನಾನು ಕಣ್ಣನ್ನು ಆ ಖಾಲಿ ಗೋಡೆಯ ಮೇಲೆ ಇಟ್ಟೆ. ಅಲ್ಲಿ ಜಾಗ ಇತ್ತು.

"ತಪ್ಪಾಯ್ತು ಕಣೇ ಅಕ್ಕ," ಎಂದೆ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನೀನು ನನ್ನಕ್ಕ."